ಫ್ರಿಜ್ಜಿನ ಏಡಿ

ಸಿಲ್ಲೊತ್ ಊರಿನಿಂದ ಮೂರು ಮೈಲಿ. ಸಮುದ್ರಕ್ಕೆ ಬೆನ್ನು ಮಾಡಿದ
ಕುರಿಕೊಟ್ಟಿಗೆ. ಬ್ಯೂಷರ್ ಭುಜ ಕೊಟ್ಟು ಬಾಗಿಲು ತಳ್ಳಿದ.
ಟಾರ್ಪಾಲು, ಅದರ ಮೇಲೆ ಗೊಬ್ಬರದ ಖಾಲಿ ಚೀಲ,
ಚೀಲದ ಮೇಲೆ ಒಂದು ಕೋಳಿ.
ಮೊದಲು ಕೋಳಿಯನ್ನು ಎಬ್ಬಿಸಬೇಕಾಯಿತು.

ಆಮೇಲೆ ಅದು:
ಟ್ರಯಂಫ್, ಟಿಆರ್ ಫೋರ್, ಅರವತ್ತಮೂರರದು.
ತಿಳಿನೀಲಿ ಇದ್ದಿರಬೇಕು, ಈಗ
ಗಾಯ ಮಾಗುವಾಗಿನ ಬಣ್ಣ.
ಟಯರುಗಳು ಕೂತಲ್ಲೇ ಕೂತು ರೊಟ್ಟಿಯಾಗಿವೆ.
ಗಾಜಿನ ಮೇಲಿನ ತೆರಿಗೆ ಚೀಟಿಯ ಪ್ರಕಾರ
ಎಂಬತ್ತೆರಡರ ಜೂನ್‌ವರೆಗೆ ಎಲ್ಲವೂ ಸರಿ ಇದೆ.

"ನಿಲ್ಲಿಸಿದಾಗ ಓಡ್ತಿತ್ತು" ಅಂದ ಬ್ಯೂಷರ್.
ಎಲ್ಲರೂ ಅದನ್ನೇ ಅನ್ನುತ್ತಾರೆ.
ನಿಲ್ಲಿಸುವವರೆಗೆ ಯಾವುದು ಓಡುವುದಿಲ್ಲ, ಹೇಳಿ.

ಮೂವತ್ತೆರಡು ವರ್ಷ ಬಸ್ ಡಿಪೋದಲ್ಲಿ ಬ್ರೇಕು ಬಿಚ್ಚಿದವನು,
ಮಾತಿಗೆ ಮರುಳಾಗುವುದಿಲ್ಲ. ಜೇಬಿನಿಂದ ಏಡಿ ತೆಗೆದೆ.
ಕೆಂಪು ಪ್ಲಾಸ್ಟಿಕ್ಕಿನ ಏಡಿ, ಹೊಟ್ಟೆಯಲ್ಲಿ ಅಯಸ್ಕಾಂತ,
ವಿಟ್ಬಿಯಲ್ಲಿ ಥೆಲ್ಮಾ ಕೊಂಡದ್ದು. ಬೆಳಿಗ್ಗೆಯವರೆಗೆ
ಅವಳ ಕಣ್ಣಿನ ಆಸ್ಪತ್ರೆಯ ಚೀಟಿಯನ್ನು
ಫ್ರಿಜ್ಜಿಗೆ ಅವುಚಿಕೊಂಡಿತ್ತು.

ಹಿಂದಿನ ಮಡ್‌ಗಾರ್ಡಿಗೆ ಇಟ್ಟೆ, ಬಿತ್ತು.
ಒಂದು ಗೇಣು ಆಚೆ ಇಟ್ಟೆ, ಬಿತ್ತು.
ಬಣ್ಣದ ಕೆಳಗೆ ಕಬ್ಬಿಣವಿಲ್ಲ, ಯಾರೋ ಮೆತ್ತಿದ ಪುಟ್ಟಿ.
ಬಾಗಿಲ ಕೆಳಗಿನ ಅಂಚಿಗೆ ಸ್ಕ್ರೂಡ್ರೈವರ್ ಒತ್ತಿದೆ,
ಕೇಕು ಬೆಂದಿದೆಯೇ ಎಂದು ಕಡ್ಡಿ ಚುಚ್ಚುವ ಹಾಗೆ.
ಹಿಡಿಯವರೆಗೂ ಹೋಯಿತು.
ಬ್ಯೂಷರ್ ಕೋಳಿಯನ್ನು ನೋಡುತ್ತಿದ್ದ.

ಸೀಟಿನೊಳಗೆ ಇಲಿಗಳ ಸಂಸಾರ. ಗೂಡಿನ ನಡುವೆ
ಹೆಂಗಸರ ಕೈಗವಸು, ಒಂದೇ, ಎಡಗೈಯದು.
ನಾನು ಕೇಳಲಿಲ್ಲ. ಅವನು ಹೇಳಲಿಲ್ಲ.
ಬದಲಿಗೆ, ಕೇಳದೆಯೇ,
ಬೆಲೆಯಲ್ಲಿ ಇನ್ನೂರು ಪೌಂಡು ಇಳಿಸಿದ.

ಮನಸ್ಸಿನಲ್ಲೇ ಲೆಕ್ಕ: ತಗಡಿಗೆ ನಾಲ್ಕು ಸಾವಿರ,
ಎಂಜಿನ್ನಿಗೆ ಮೂರು, ಬಣ್ಣಕ್ಕೆ ಐದು.
ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು
ಇದನ್ನು ಕಂಡಿರಲಿಲ್ಲ.
ಹಣ ಬಿಡಿ. ಚಳಿಗಾಲ ಎಷ್ಟು ಬೇಕು?
ಇಂಥ ಕೆಲಸವನ್ನು ಚಳಿಗಾಲದಲ್ಲೇ ಅಳೆಯುವುದು.
ನಾಲ್ಕು? ಆರು? ನನಗೆ ಅರವತ್ತೆರಡು.
ಎಡಮಂಡಿಗೆ ಈಗಾಗಲೇ ಹೊಸ ಬಿಡಿಭಾಗ ಹಾಕಿದ್ದಾರೆ.
ಇದು ಮುಗಿಯುವ ಹೊತ್ತಿಗೆ, ಇಷ್ಟು ತಗ್ಗಿನ ಸೀಟಿನಲ್ಲಿ ಕೂತರೆ
ಎಬ್ಬಿಸಲು ಯಾರಾದರೂ ಬೇಕು.
ಬೇಡ. ಬೇಡವೇ ಬೇಡ.

ಬೇಡ ಅಂದಮೇಲೆ ಹೊರಡಬಹುದಿತ್ತು.
ಕೈ ಸುಮ್ಮನಿರಲಿಲ್ಲ. ಪ್ಲಗ್ಗು ಬಿಚ್ಚಿ
ನಾಲ್ಕು ಬಾಯಿಗೂ ಒಂದೊಂದು ಚಮಚ ಎಣ್ಣೆ ಬಿಟ್ಟೆ,
ಗಂಜಿ ಕುಡಿಸುವ ಹಾಗೆ.
ಬ್ಯೂಷರ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ.
ಆಚೆ ಸಾಲ್ವೇ ಖಾರಿಯಲ್ಲಿ ನೀರು ಇಳಿಯುತ್ತ ಹೋಯಿತು.
ಕ್ರ್ಯಾಂಕಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟೆ.
ಇಲ್ಲ.
ಇಲ್ಲ.
ಆಮೇಲೆ ಒಳಗೆಲ್ಲೋ
ಮುದುಕನೊಬ್ಬ ಗಂಟಲು ಸರಿಮಾಡಿಕೊಂಡ ಸದ್ದು, ಸ್ಪ್ಯಾನರ್
ಅರ್ಧ ಅಂಗುಲ ನಡೆಯಿತು.
ಬ್ಯೂಷರ್ ಲೋಟ ಕೆಳಗಿಟ್ಟ.
ಇಬ್ಬರೂ ಏನೂ ಕೇಳಿಸದವರ ಹಾಗೆ ನಿಂತೆವು.

"ಯೋಚನೆ ಮಾಡಿ ಹೇಳ್ತೀನಿ" ಅಂದೆ.
ಬೇಡ ಅನ್ನುವುದಕ್ಕೆ ಸಭ್ಯರು ಇಟ್ಟ ಹೆಸರು ಅದು,
ಅವನಿಗೂ ಗೊತ್ತು.
ಟಾರ್ಪಾಲು ಎಳೆದೆವು. ಕೋಳಿ ತನ್ನ ಜಾಗಕ್ಕೆ ಹತ್ತಿತು.

ರಾತ್ರಿ ಅಡುಗೆಮನೆಯಲ್ಲಿ ಥೆಲ್ಮಾ
ನೆಲದಿಂದ ಆಸ್ಪತ್ರೆಯ ಚೀಟಿ ಎತ್ತಿಕೊಂಡಳು.
"ನನ್ನ ಏಡಿ ಎಲ್ಲಿ?"
ಕೋಟು ತಡಕಿದೆ, ಪ್ಯಾಂಟು, ಸ್ಪ್ಯಾನರಿನ ಚೀಲ.
ಆಗ ನೆನಪಾಯಿತು. ಎಡಬಾಗಿಲು, ಹಿಡಿಕೆಯ ಕೆಳಗೆ:
ಬಿದ್ದು ಬಿದ್ದು ಕೊನೆಗೆ ಅಲ್ಲಿ
ಟಕ್ಕೆಂದು ಕಚ್ಚಿತ್ತು. ಅಂಗೈ ಅಗಲದ ಅಸಲಿ ಉಕ್ಕು.
ಟಾರ್ಪಾಲಿನಡಿ, ಕತ್ತಲಲ್ಲಿ,
ಇನ್ನೂ ಕಚ್ಚಿಕೊಂಡೇ ಇದೆ.

"ನಾಳೆ ಹೋಗಿ ತರ್ತೀನಿ" ಅಂದೆ.
ಥೆಲ್ಮಾ ನನ್ನ ಉಗುರುಗಳ ಸಂದಿನ ಕಪ್ಪನ್ನೇ
ಸ್ವಲ್ಪ ಹೊತ್ತು ನೋಡಿದಳು.
"ಟ್ರೇಲರಿಗಾಗಿ" ಅಂದಳು,
"ನನ್ನ ತಮ್ಮನನ್ನು ಮಾತ್ರ ಕೇಳಬೇಡ."